ಗಂಜಿ ತೊಳೆದ ಲಾಡಿ: ಶ್ರೀ ಉಳಿವೆಪ್ಪ ಬಾಳಂಬೀಡ ಅವರಿಗೆ ಸವಣೂರಿನ ನೇಕಾರರ ನಮಸ್ಕಾರ

ವಿಮಾನ ಕಟ್ಟಿದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಹಾರಿಸಿದವರ ಕೊರಳಿಗೆ ಹಾರ ಬೀಳುತ್ತದೆ. ಆ ವಿಮಾನಕ್ಕೆ ಬೇಕಾದ ಕಟ್ಟಿಗೆ, ಬಟ್ಟೆ, ಅಂಟುಗಳನ್ನು ಊರೂರು ಅಲೆದು ಹೊಂದಿಸಿಕೊಟ್ಟವರು ಮಾತ್ರ ಎಲೆಮರೆಯ ಕಾಯಿಯಾಗಿಯೇ ಉಳಿಯುತ್ತಾರೆ. ಬೆಂಗಳೂರಿನ ವಿಮಾನ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ದೀರ್ಘಕಾಲ ದುಡಿದು ಈ ವರ್ಷ ನಿವೃತ್ತರಾಗುತ್ತಿರುವ ಶ್ರೀ ಉಳಿವೆಪ್ಪ ಬಾಳಂಬೀಡ ಅವರು ಅಂಥವರಲ್ಲಿ ಅಗ್ರಗಣ್ಯರು. ಈ ಅಭಿನಂದನ ಸಂಪುಟದಲ್ಲಿ ದೊಡ್ಡ ದೊಡ್ಡ ಎಂಜಿನಿಯರುಗಳು ಬರೆದಿರುವಾಗ ನೇಕಾರರ ಸಂಘದ ಕಾರ್ಯದರ್ಶಿಯಾದ ನನಗೇನು ಕೆಲಸ ಎಂದು ಯಾರಾದರೂ ಕೇಳಿಯಾರು. ವಿಮಾನದ ರೆಕ್ಕೆಯಲ್ಲಿ ನಮ್ಮ ಓಣಿಯ ನೂಲೂ ಇತ್ತು ಎಂಬುದೇ ನನ್ನ ಉತ್ತರ.

ಶ್ರೀಯುತರು ಹಾನಗಲ್ಲ ತಾಲೂಕಿನವರು. ಧಾರವಾಡದಲ್ಲಿ ಓದಿ ಬೆಂಗಳೂರು ಸೇರಿದರೂ ಊರಿನ ಮಾತನ್ನು ಬಿಟ್ಟುಕೊಟ್ಟವರಲ್ಲ. ಆ ಕಾಲದ ತರಬೇತಿ ವಿಮಾನಗಳ ರೆಕ್ಕೆಗಳನ್ನು ಕಟ್ಟಿಗೆಯಿಂದ ಮಾಡಿ, ಮೇಲೆ ಬಟ್ಟೆ ಹೊದಿಸಿ, ಹೊಲಿಗೆಯ ಮೇಲೆ ಹತ್ತಿಯ ಲಾಡಿಯನ್ನು, ಅಂದರೆ ನೆಯ್ದ ಸಪೂರ ಪಟ್ಟಿಯನ್ನು, ಡೋಪ್ ಎಂಬ ಅಂಟುಬಣ್ಣದಿಂದ ಕೂಡಿಸುತ್ತಿದ್ದರು. ಲಾಡಿ ಪರದೇಶದಿಂದ ಬರಬೇಕು. ಹಡಗು ತಡವಾದರೆ ವಿಮಾನವೂ ತಡ. ನಮ್ಮ ನಾಡಿನ ನೇಕಾರರಿಗೆ ಇದು ಅಸಾಧ್ಯವೇ ಎಂದು ಮೇಲಧಿಕಾರಿಗಳೊಡನೆ ವಾದಿಸಿ, ಸಾವಿರದ ಒಂಬೈನೂರ ಐವತ್ತೇಳರಲ್ಲಿ ಅವರು ಸವಣೂರಿಗೆ ಬಂದರು. ಗಿರಣಿ ಸೀರೆಗಳ ಹೊಡೆತಕ್ಕೆ ನಮ್ಮ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದ ಹೊತ್ತದು.

ಓಣಿಯಲ್ಲಿ ಹಿರಿಯ ಕೈ ಎಂದರೆ ಚಾಂದಬಿಯದು. ಆಕೆ ಬೇಡಿಕೆ ಕೇಳಿ ನಕ್ಕಳು. “ಇಮಾನಕ್ಕ ಲಾಡಿ ಯಾಕ್ರಿ ಸಾಹೇಬ್ರ? ಅದೇನ್ ಇಜಾರ ಹಾಕ್ಕೊಂತೈತೇನು?” ಸಾಹೇಬರೂ ನಕ್ಕರು. ಮಾದರಿಯನ್ನು ಎಳೆದು ನೋಡಿದ ಕಾರ್ಖಾನೆ ಬಲವನ್ನು ಮೆಚ್ಚಿತು, ಕರಾರಾಯಿತು, ನಿಂತ ಮಗ್ಗಗಳು ಮತ್ತೆ ಸದ್ದು ಮಾಡಿದವು. ಮೊದಲ ಗಂಟು ಯಲವಿಗಿ ಸ್ಟೇಷನ್ನಿನಿಂದ ರೈಲು ಹತ್ತಿದ ದಿನ ಓಣಿಯಲ್ಲಿ ಸಕ್ಕರೆ ಹಂಚಿದೆವು.

ಕೆಲವೇ ವಾರಗಳಲ್ಲಿ ಅದೇ ಗಂಟನ್ನು ಹೊತ್ತು ಉಳಿವೆಪ್ಪನವರು ಯಲವಿಗಿಯಲ್ಲಿ ಇಳಿದರು. ಮಾಲನ್ನು ತಿರಸ್ಕರಿಸಿ ಕರಾರು ಮುರಿಯಿರಿ ಎಂದು ಮೇಲಿನವರು ಹೇಳಿಯಾಗಿತ್ತು. ಒಂದು ಸಾಲು ಬರೆದು ಅಂಚೆಗೆ ಹಾಕಿದ್ದರೆ ಅವರ ಕೆಲಸ ಮುಗಿಯುತ್ತಿತ್ತು. ಅವರು ಹಾಗೆ ಮಾಡದೆ, ಕಂಬಳಿಯಲ್ಲಿ ಸುತ್ತಿದ ರೆಕ್ಕೆಯ ತುಂಡೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಚಾಂದಬಿಯ ಮಗ್ಗದ ಪಕ್ಕ ನೆಲದ ಮೇಲೆಯೇ ಕುಳಿತರು.

“ಇದನ್ನ ನೀವ ಎಳದ ನೋಡ್ರಿ, ಅವ್ವಾರ,” ಎಂದರು. ಚಾಂದಬಿ ಎರಡು ಬೆರಳಲ್ಲಿ ಎಳೆದಳು. ಅಂಟಿಸಿದ್ದ ಲಾಡಿ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬಂತು.

ಆಗಿದ್ದು ಇಷ್ಟೇ: ನೆಯ್ದ ಮೇಲೆ ಗಂಜಿ ಹಾಕಿ ಬಿಗಿ ಮಾಡದ ಬಟ್ಟೆಯನ್ನು ನಮ್ಮ ಓಣಿಯವರು ಹೊರಗೆ ಕಳಿಸುವುದಿಲ್ಲ. ಇದು ವಿಮಾನದ ಕೆಲಸವೆಂದು ಚಾಂದಬಿ ಇನ್ನೊಂದು ಕೈ ಹೆಚ್ಚೇ ಹಾಕಿದ್ದಳು. ಆ ಗಂಜಿಯೇ ಡೋಪನ್ನು ನೂಲಿನೊಳಗೆ ಇಳಿಯಗೊಡಲಿಲ್ಲ.

“ಮಗಳನ್ನ ಗಂಡನ ಮನಿಗೆ ಕಳಸೂಮುಂದ ತಲಿ ಬಾಚದ ಕಳಸ್ತೇವೇನ್ರಿ?” ಎಂದಳು ಆಕೆ. ರೆಕ್ಕೆಯ ತುಂಡನ್ನು ಸವರಿ ಕೇಳಿದಳು, “ಇದರಾಗ ಕುಂದ್ರೂ ಹುಡುಗ ಯಾರ ಮಗಾರಿ?”

“ಇನ್ನೂ ಯಾರೂ ಕುಂತಿಲ್ರಿ. ತಪ್ಪು ನಿಮ್ಮದಲ್ಲ. ಲಾಡಿ ಯಾತಕ್ಕ ಬೇಕು, ಹೆಂಗ ಅಂಟಸ್ತೇವಿ, ಅದನ್ನ ನಾವ ನಿಮಗ ಹೇಳೇ ಇಲ್ಲ.”

ಕೊಳ್ಳುವವನು ಮಾರುವವನ ಮುಂದೆ ಹೀಗೆ ನುಡಿದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಮ್ಮ ಕಡೆ ಗಿರಾಕಿಯೆಂದರೆ ಸೊಟ್ಟ ಮೋರೆಯವನೆಂದೇ ಲೆಕ್ಕ.

ತೊಡಕು ಅಲ್ಲಿಗೆ ತೀರಲಿಲ್ಲ. ಗಂಜಿಯೇ ಬೇಡವೆಂದು ಕಾರ್ಖಾನೆ, ಗಂಜಿಯಿಲ್ಲದಿದ್ದರೆ ಹಾಸಿನ ಎಳೆ, ಅಂದರೆ ಉದ್ದಕ್ಕೆ ಬಿಗಿದ ನೂಲು, ಮಗ್ಗದಲ್ಲೇ ಹರಿಯುತ್ತದೆಂದು ಚಾಂದಬಿ. ಶ್ರೀಯುತರು ಇಬ್ಬರನ್ನೂ ಸುಳ್ಳೆನ್ನಲಿಲ್ಲ. ಹಾಸಿನ ಎಳೆಗೆ ಗಂಜಿ ಹಾಕಿಯೇ ನೇಯುವುದು, ನೆಯ್ದ ಮೇಲೆ ಬಿಸಿನೀರಲ್ಲಿ ನೆನೆಸಿ ಪೂರ್ತಿ ತೊಳೆಯುವುದು ಎಂದು ಎಲ್ಲರೂ ಕೂಡಿ ಗೊತ್ತು ಮಾಡಿದೆವು. ತೊಳೆದದ್ದು ಸಾಕೋ ಇಲ್ಲವೋ ತಿಳಿಯಲು ದವಾಖಾನೆಯ ಟಿಂಚರ್ ಅಯೋಡಿನ್ನಿನ ಒಂದು ಹನಿ ಸಾಕೆಂದು ಅವರೇ ತೋರಿಸಿಕೊಟ್ಟರು: ಹನಿ ನೀಲಿಗೆ ತಿರುಗಿದರೆ ಗಂಜಿ ಇನ್ನೂ ಇದೆ. “ಇದೊಂದ ಸಲ ನೋಡ್ರಿ ಅಂತ ಮ್ಯಾಲಿನವ್ರನ್ನ ಕೇಳ್ಕೊಂಡ ಬಂದೇನಿ. ಇದೂ ಕೆಟ್ರ ಅಲ್ಲೆ ನನ್ನ ಮಾತಿಗೆ ಕಿಮ್ಮತ್ತ ಉಳಿಯೂದಿಲ್ಲ, ಇಲ್ಲೆ ಮಗ್ಗ ಉಳಿಯೂದಿಲ್ಲ,” ಎಂದು ಹೇಳಿ, ಸವಣೂರಿನ ಖಾರದ ತಿಂಡಿಯ ಪೊಟ್ಟಣವೊಂದನ್ನು ಕಟ್ಟಿಸಿಕೊಂಡು ಹೊರಟರು.

ಚಾಂದಬಿ ಪ್ರತಿ ಸುರುಳಿಯ ತುದಿಗೂ ಹನಿ ಹಾಕಿದಳು. ನೀಲಿ ಕಂಡರೆ ಸುರುಳಿ ಮತ್ತೆ ನೀರಿಗೆ. ಓಣಿಯ ಹೆಂಗಸರು ಬೈದುಕೊಂಡರೂ ಬಿಡಲಿಲ್ಲ. ಎರಡನೆಯ ಗಂಟು ಹೋಯಿತು, ಉಳಿಯಿತು. ಆ ಮೇಲೆ ಒಂದು ಸುರುಳಿಯೂ ತಿರುಗಿ ಬರಲಿಲ್ಲವೆಂದು ಹೆಮ್ಮೆಯಿಂದಲೇ ಬರೆಯುತ್ತೇನೆ. ಹೊಸ ಕೆಲಸ ಬಂದಾಗಲೆಲ್ಲ ಶ್ರೀಯುತರು ಕರಾರಿಗಿಂತ ಮೊದಲು ರೆಕ್ಕೆಯ ತುಂಡನ್ನೇ ತರುತ್ತಿದ್ದರು. ಸಾಗಣೆ ಪೆಟ್ಟಿಗೆ ಮಾಡುವ ಹಾನಗಲ್ಲಿನ ಬಡಿಗರಿಗೂ ಇದೇ ಮರ್ಯಾದೆ ಸಿಕ್ಕಿತೆಂದು ಕೇಳಿದ್ದೇನೆ.

ಈಗ ವಿಮಾನಗಳು ಲೋಹದ ಮೈ ತೊಟ್ಟಿವೆ, ಲಾಡಿಯ ಬೇಡಿಕೆ ಕರಗಿದೆ. ಇದನ್ನು ಮೊದಲೇ ಕಂಡ ಶ್ರೀಯುತರು, ಗಂಜಿ ತೊಳೆಯಲು ಕಲಿತ ಕೈಗಳಿಗೆ ಆಸ್ಪತ್ರೆಗಳ ಗಾಯಪಟ್ಟಿಯ ಕೆಲಸ ಹೊಂದಿಸಿಕೊಟ್ಟೇ ಕುರ್ಚಿಯಿಂದ ಏಳುತ್ತಿದ್ದಾರೆ. ಅವರ ಋಣ ನಮ್ಮ ಮೇಲಿದೆ, ಅದನ್ನು ಹೇಳಲು ಸಂಕೋಚವಿಲ್ಲ. ನಿವೃತ್ತಿಯ ನಂತರವೂ ಅವರು ನಮ್ಮ ಸಂಘಕ್ಕೆ ಬುದ್ಧಿ ಹೇಳುತ್ತಿರಬೇಕೆಂದು ಈಗಾಗಲೇ ಕೇಳಿಕೊಂಡಿದ್ದೇವೆ, ಒಪ್ಪಿದ್ದಾರೆ.

ಸಮಾರಂಭಕ್ಕೆಂದು ಚಾಂದಬಿ ತಾನೇ ನೆಯ್ದ ಧೋತರವೊಂದನ್ನು ನನ್ನ ಕೈಗಿತ್ತಿದ್ದಾಳೆ. ಮಡಿಕೆ ಬಿಚ್ಚಿದರೆ ಹಪ್ಪಳದಂತೆ ಸದ್ದಾಗುತ್ತದೆ. “ಇದಕ್ಕ ಮನಸ್ ತುಂಬ ಗಂಜಿ ಹಾಕೇನಿ ಅಂತ ಸಾಹೇಬ್ರಿಗೆ ಹೇಳ್ರಿ,” ಎಂದಳು. “ಹನಿ ಹಾಕಿ ನೋಡೂದ ಬ್ಯಾಡ. ಹಾರೂ ಕೆಲಸ ಮುಗೀತಲ್ಲ, ಇನ್ನ ನೆಟ್ಟಗ ಉಟ್ಕೊಂಡ ಮನ್ಯಾಗ ಕುಂದ್ರಲಿ.”

ಆ ಗಂಜಿಯೆಲ್ಲ ಇಳಿದು, ಧೋತರ ಮೆತ್ತಗಾಗಿ, ಉಟ್ಟುಟ್ಟು ಹರಿದು, ಇನ್ನೊಂದು ಬೇಕಾಗುವಷ್ಟು ಕಾಲ ಉಳಿವೆಪ್ಪನವರು ಆರೋಗ್ಯವಾಗಿ ಬಾಳಲಿ. ಆ ಇನ್ನೊಂದನ್ನು ನೇಯಲು ಚಾಂದಬಿಯೂ ಇರಲಿ.