ಸೊಪ್ಪು ಮುಟ್ಟದ ಸಸ್ಯಾಹಾರಿ

ಚನ್ನಬಸಪ್ಪನವರು ಶುದ್ಧ ಸಸ್ಯಾಹಾರಿ. ಆದರೆ ತರಕಾರಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬದನೆಕಾಯಿ ವಾಯು, ಸೋರೆಕಾಯಿ ಶೀತ, ಸೊಪ್ಪು ದನದ ಮೇವು. ಉಳಿದದ್ದು ಬಿಳಿ ಅನ್ನ, ತುಪ್ಪ, ಹಪ್ಪಳ, ಹೋಳಿಗೆ, ಸಂಜೆಗೆ ತಪ್ಪದೆ ಮಂಡಕ್ಕಿ ಒಗ್ಗಾಣಿ ಮತ್ತು ಬಜ್ಜಿ. "ಬಜ್ಜಿಯೊಳಗ ಮೆಣಸಿನಕಾಯಿ ಐತಲ್ರಿ, ಅದು ಕಾಯಿಪಲ್ಯ ಅಲ್ಲೇನು?" ಎಂದು ನನ್ನನ್ನೇ ಕೇಳುತ್ತಿದ್ದರು.

ಆಂಧ್ರದ ಗಡಿಯ ರಾಯದುರ್ಗದಲ್ಲಿ ಅವರದು ಸ್ಟೀಲ್ ಪಾತ್ರೆಯ ಅಂಗಡಿ. ಅಮರಾಪುರದ ಕಡೆಯವನಾದ ನಾನು ಅಲ್ಲಿನ ಶಾಲೆಗೆ ಕನ್ನಡ ಮೇಷ್ಟ್ರಾಗಿ ಹೋದಾಗ ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಿದೆ. ಅವರು ನನ್ನ ಹೆಸರು ಕೇಳುವ ಮೊದಲೇ ಊಟ ಎಂಥದು ಎಂದು ಕೇಳಿದರು. ನಮ್ಮದು ಕುರಿ ಸಾಕುವ ಮನೆತನ, ಮಾಂಸ ತಿನ್ನುತ್ತೇವೆ ಎಂದೆ.

"ತಿನ್ರಿ, ಬ್ಯಾಡ ಅನ್ನಾಕ ನಾನ್ಯಾರು? ಆದ್ರ ನಿಮ್ಮೂರಿಗೆ ಹೋಗಿ ತಿಂದು ಬರ್ರಿ. ಬಂದ ದಿನ ಮೆಟ್ಟಿಲು ಹತ್ತೋ ಮುಂದ ನನ್ನ ಕೂಡ ಮಾತಾಡಬ್ಯಾಡ್ರಿ. ವಾಸನಿ ಬರತೈತಿ."

ಹಾಗೇ ಆಯಿತು. ಊರಿಂದ ಬಂದ ದಿನ ನಾನು ಮೌನವಾಗಿ ಮೆಟ್ಟಿಲು ಹತ್ತುತ್ತಿದ್ದೆ. ಅವರು ಮೂಗು ಮುಚ್ಚಿಕೊಂಡು ತಲೆಯಾಡಿಸುತ್ತಿದ್ದರು. ಬಿಸ್ಕತ್ತಿನ ಪೊಟ್ಟಣ ಕೈಗೆ ಬಂದರೆ ಹಸಿರು ಚುಕ್ಕೆಯನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡುವರು. ಉಪ್ಪಿನ ಪೊಟ್ಟಣಕ್ಕೂ ಅದೇ ಪರೀಕ್ಷೆ.

ಬರಬರುತ್ತ ಅವರ ಕಾಲು ಜೋಮು ಹಿಡಿಯತೊಡಗಿತು. ಒಂದು ದಿನ ಅಂಗಡಿಯಲ್ಲಿ ಕೊಡಗಳ ರಾಶಿಯ ಮೇಲೆ ಬಿದ್ದರು. ಸದ್ದಿಗೆ ಇಡೀ ಬೀದಿ ಓಡಿಬಂತು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರಮ್ಮ ಊಟದ ವಿಚಾರ ಕೇಳಿದರು.

"ಸಸ್ಯಾಹಾರಿ ಅದೀನ್ರಿ."

"ಸಂತೋಷ. ಯಾವ ಯಾವ ಸಸ್ಯ ತಿಂತೀರಿ?"

ಚನ್ನಬಸಪ್ಪನವರು ನನ್ನ ಮುಖ ನೋಡಿದರು. ಆಮೇಲೆ, "ಅನ್ನ" ಎಂದರು.

"ಮಾಂಸ ಬಿಟ್ಟರೆ ಸಾಲದು ಪೆದ್ದಾಯನಾ," ಎಂದು ಡಾಕ್ಟರಮ್ಮ ಹಿರಿಯರನ್ನು ಕರೆಯುವ ತೆಲುಗು ಮಾತಿನಲ್ಲಿ ಕರೆದರು. "ಬದಲಿಗೆ ಏನು ತಿಂತೀರಿ ಅನ್ನೋದು ನೋಡಬೇಕು. ರಕ್ತಕ್ಕೆ ಕಾಳು, ಆಕುಕೂರ, ಅದೇ ಸೊಪ್ಪು, ಬೇಕು. ನರಕ್ಕೆ ಬೇಕಾದ ಬಿ-ಟ್ವೆಲ್ವ್ ಸೊಪ್ಪಿನಲ್ಲೂ ಸಿಗಲ್ಲ. ಹಾಲು ಮೊಸರು ತಗೊಳ್ಳಿ, ಈ ಕ್ಯಾಪ್ಸೂಲ್ ನುಂಗಿ."

ಅವರು ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು ಅದರ ಹೊದಿಕೆ ಯಾತರದು ಎಂದು ಕೇಳಿದರು. ದನದ ಮೂಳೆಯಿಂದಲೂ ಮಾಡಿರುತ್ತಾರೆ ಎಂದು ಡಾಕ್ಟರಮ್ಮ ನಿಜ ಹೇಳಿಬಿಟ್ಟರು. ಅದು ಹರಿದಾಡುತ್ತಿದೆಯೇನೋ ಎಂಬಂತೆ ಚನ್ನಬಸಪ್ಪನವರು ಅದನ್ನು ಮೇಜಿನ ಮೇಲಿಟ್ಟರು. "ಸೂಜಿ ಹಾಕ್ರಿ. ಶೀಶೆ ಮ್ಯಾಲ ಹಸರು ಚುಕ್ಕಿ ಐತೇನು ನೋಡ್ರಿ ಮೊದಲ."

ಸೂಜಿಗೆ ಒಪ್ಪಿದವರು ಸೊಪ್ಪಿಗೆ ಒಪ್ಪಲಿಲ್ಲ. ಅವರು ಅಂಗಡಿಗೆ ಹೋದ ಮೇಲೆ ಅವರ ಹೆಂಡತಿ ಗೌರಮ್ಮನವರು ಮಹಡಿಗೆ ಬಂದು, ನನ್ನ ಹೆಂಡತಿ ರತ್ನನ ಅಡುಗೆಮನೆಯಲ್ಲಿ ಸೊಪ್ಪಿನ ಸಾರು ಉಂಡು ಹೋಗುತ್ತಿದ್ದರು. ಒಂದು ಭಾನುವಾರ ಚನ್ನಬಸಪ್ಪನವರು ಬೇಗ ಮನೆಗೆ ಬಂದರು. ಹೆಂಡತಿ ಇಲ್ಲ, ಮೇಲಿನಿಂದ ಅವರ ನಗು ಕೇಳುತ್ತಿದೆ. ಭಾನುವಾರ, ಮಾಂಸ ತಿನ್ನುವವರ ಮನೆ. ಗೋಡೆ ಹಿಡಿದುಕೊಂಡು, ಜೋಮು ಹಿಡಿದ ಕಾಲನ್ನು ಎಳೆದುಕೊಂಡು ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ನಿಂತು, "ತಾಟಿನ್ಯಾಗ ಏನೈತಿ?" ಎಂದರು.

ಗೌರಮ್ಮ ಮುದ್ದೆಯ ತುತ್ತನ್ನು ಕಪ್ಪನೆಯ ಸಾರಿನಲ್ಲಿ ಅದ್ದಿ ನಿಧಾನವಾಗಿ ನುಂಗಿದರು. "ನಮ್ಮ ಮನಿಯಾಗ ನನಗ ಸಿಗದೇ ಇರೋದು."

ಚನ್ನಬಸಪ್ಪನವರು ಮೂಗು ಮುಚ್ಚಿಕೊಂಡು ಪಾತ್ರೆಯ ಹತ್ತಿರ ಬಂದರು. ರತ್ನ ಪಾತ್ರೆಯ ಮುಚ್ಚಳ ತೆಗೆದಳು. "ಬೆರಕೆ ಸೊಪ್ಪಿನ ಬಸ್ಸಾರು ಅಣ್ಣಾರೆ, ಹುಳ್ಳಿಕಾಳು ಹಾಕಿವ್ನಿ. ಕೂತ್ಕಳ್ಳಿ, ಮೆಟ್ಲತ್ತಿ ಸುಸ್ತಾಗೈತೆ."

ಅವರು ಸೌಟಿನಿಂದ ತಳದವರೆಗೂ ಕೆದಕಿ ನೋಡಿದರು. ಮೂಳೆ ಸಿಗಲಿಲ್ಲ. ತಕ್ಷಣ ಇಳಿದು ಹೋಗಲು ಕಾಲಿನಲ್ಲಿ ಬಲವೂ ಇರಲಿಲ್ಲ. ಅಲ್ಲೇ ಕುಸಿದು ಕೂತರು.

"ನೀವು ಬಿದ್ರ ಎತ್ತಾಕ ಮನಿಯಾಗ ನಾನೊಬ್ಬಾಕಿ ಇರಾದು" ಎಂದರು ಗೌರಮ್ಮ. "ನನಗ ಶಕ್ತಿ ಬೇಕು. ಅದಕ್ಕ ಉಣ್ತೀನಿ." ತಮ್ಮ ತಾಟಿನ ಮುದ್ದೆಯನ್ನು ಮುರಿದು ಗಂಡನ ಮುಂದಿಟ್ಟರು.

ಅವರು ತಲೆ ತಗ್ಗಿಸಿ ಉಂಡರು. ಮುದ್ದೆ ಮುಗಿದ ಮೇಲೆ ಒಂದೇ ಮಾತು: "ಉಪ್ಪು ಸ್ವಲ್ಪ ಕಮ್ಮಿ ಐತಿ."

ಆಮೇಲೆ ಅವರ ಕಾಲೂ ಸುಧಾರಿಸಿತು, ನಾಲಗೆಯೂ ಚುರುಕಾಯಿತು. ತಾವೇ ಸಂತೆಗೆ ಹೋಗಿ ಮೆಂತ್ಯಸೊಪ್ಪಿನ ಒಂದೊಂದು ಸಿವುಡಿಗೂ ಜಗಳವಾಡಿ ಬರುತ್ತಿದ್ದರು. ಅಂಗಡಿಗೆ ಬಂದವರಿಗೆಲ್ಲ ಉಪದೇಶ: "ನಮ್ಮದು ಹಿರೇರ ಕಾಲದಿಂದ ಸೊಪ್ಪಿನ ಮನಿ. ಸೊಪ್ಪಿಲ್ದ ಊಟ ನನಗ ಗೊತ್ತೇ ಇಲ್ರಿ." ಪಕ್ಕದಲ್ಲಿ ಕೂತ ಗೌರಮ್ಮ ಪಾತ್ರೆ ಒರೆಸುತ್ತಲೇ ಇರುತ್ತಿದ್ದರು.

ನನಗೆ ಮಡಕಶಿರಕ್ಕೆ ವರ್ಗವಾದ ಮೇಲೆ, ಹೋದ ವರ್ಷ, ಹೃದಯಾಘಾತದಿಂದ ಅವರು ತೀರಿಕೊಂಡ ಸುದ್ದಿ ಬಂತು. ಶಿವಗಣಾರಾಧನೆಗೆ ರತ್ನನೂ ನಾನೂ ಹೋದೆವು. ಫೋಟೊದ ಮುಂದೆ ನೆಂಟರು ಅವರಿಗೆ ಇಷ್ಟವೆಂದು ಹೋಳಿಗೆ, ಹಪ್ಪಳ, ಬಜ್ಜಿ ರಾಶಿ ಹಾಕಿದ್ದರು. ಗೌರಮ್ಮ ಒಳಗಿನಿಂದ ಒಂದು ಬಟ್ಟಲು ಮೆಂತ್ಯಪಲ್ಯ ತಂದು, ಬಜ್ಜಿಯನ್ನು ಸರಿಸಿ, ನಡುವೆ ಇಟ್ಟರು. ಎಡೆಗೆ ಸೊಪ್ಪು ಯಾಕೆ ಎಂದು ಯಾರೋ ಗೊಣಗಿದರು. ಗೌರಮ್ಮ ಅವರ ಕಡೆ ತಿರುಗದೆ ನನಗೆ ಹೇಳಿದರು:

"ಹೋಗೋ ಮುಂದ ಕಲ್ತಿದ್ರು ಮಾಸ್ತರ. ಅಲ್ಲಿ ಹೋಗಿ ಮರೀಬಾರ್ದಲ್ರಿ."