ರೈಟ್ ಅಂದರೆ ಏಳುವ ಕಾಲು

ಲಕ್ವ ಹೊಡೆದ ಮೇಲೆ ನನ್ನ ಎಡಗಾಲು ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಬಳ್ಳಾರಿ–ಸಿರುಗುಪ್ಪ ಬಸ್ಸಿನಲ್ಲಿ ಕಂಡಕ್ಟರಾಗಿ, ನೂಕುನುಗ್ಗಲಿನ ನಡುವೆ ನಿಂತೇ ಟಿಕೆಟ್ ಹರಿದು ನಿವೃತ್ತನಾದವನು ನಾನು. ಈಗ ಮಂಚದಿಂದ ಬಚ್ಚಲಿಗೆ ಹೋಗಲೂ ಹೆಂಡತಿಯ ಹೆಗಲು ಬೇಕು. ಥೂ, ಇದೂ ಒಂದು ಬಾಳೇ!

ಅದೇ ಹೊತ್ತಿಗೆ ಮಗಳು ಹೆತ್ತಳು. ತವರಿಗೆ ಬರಬೇಕಾದವಳು ನನ್ನ ದೆಸೆಯಿಂದ ಕುರುಗೋಡಿನ ಗಂಡನ ಮನೆಯಲ್ಲೇ ಉಳಿದಿದ್ದಳು. ಅಳಿಯ ಕಾರು ತರುತ್ತೇನೆಂದ.

"ಕಾರಿನ್ಯಾಗ ಮೂಟಿ ಹೊತ್ತಂಗ ಹೊತ್ಕೊಂಡು ಹೋಗ್ತೀರೇನು? ಮೊಮ್ಮಗಳನ್ನ ನೋಡಾಕ ನಾನ ಬಸ್ ಹತ್ತಿ ಬರ್ತೀನಿ" ಎಂದು ರೇಗಿದೆ. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲ. ಹಾಗಾಗಿ ಮೊಮ್ಮಗಳು ಫೋನಿನಲ್ಲೇ ಬೆಳೆಯತೊಡಗಿದಳು. ಅವಳನ್ನು ಎತ್ತಿಕೊಳ್ಳಲು ಜೀವ ಹಾತೊರೆಯುತ್ತಿತ್ತು.

ಕೌಲ್ ಬಜಾರಿನಲ್ಲಿ ನಮ್ಮ ಮನೆಯ ಹತ್ತಿರವೇ ಫಿಸಿಯೋಥೆರಪಿ ಮಾಡಿಸುತ್ತಾರೆ. ಅಲ್ಲಿನ ಮೇಡಂ ಸಿರುಗುಪ್ಪದವರು. ಕಾಲೇಜಿಗೆ ನನ್ನ ಬಸ್ಸಿನಲ್ಲೇ ಓಡಾಡಿದವರಂತೆ. ಎರಡು ಕಬ್ಬಿಣದ ಸರಳುಗಳ ನಡುವೆ ನನ್ನನ್ನು ನಿಲ್ಲಿಸಿ, "ಮುಂದ ಹೋಗ್ರಿ, ಮುಂದ ಹೋಗ್ರಿ, ಬಾಗಲದಾಗ ನಿಂದ್ರಬ್ಯಾಡ್ರಿ!" ಎಂದರು. ನನ್ನದೇ ಮಾತು, ನನ್ನದೇ ರಾಗ! ಸಿಟ್ಟು ನೆತ್ತಿಗೇರಿತು, ಕಾಲು ಮಾತ್ರ ನೆಲ ಬಿಡಲಿಲ್ಲ.

ಒಂದು ದಿನ ನೋಡಿ ನೋಡಿ ಬೇಸತ್ತ ಹೆಂಡತಿ ಮೂಲೆಯಿಂದ "ರೈಟ್ ರೈಟ್!" ಎಂದು ಕೂಗಿಬಿಟ್ಟಳು. ಎಡಗಾಲು ಎದ್ದು ಮುಂದೆ ಬಿತ್ತು.

"ಹಿಂಗ ಒಂದು ಕೂಗು ಸಿಕ್ಕರ ಕೆಲವರಿಗೆ ಹೆಜ್ಜಿ ಏಳತೈತ್ರಿ. ಇದನ್ನ ಬಿಡಬ್ಯಾಡ್ರಿ" ಎಂದರು ಮೇಡಂ.

ಅಲ್ಲಿಂದ ಓಣಿಯವರಿಗೆಲ್ಲ ಅದೇ ಕೆಲಸವಾಯಿತು. ನಾನು ಹೊರಗೆ ಕಾಲಿಟ್ಟರೆ ಸಾಕು, ನಾಲ್ಕೂ ಕಡೆಯಿಂದ ರೈಟ್ ರೈಟ್. ಚಹಾದಂಗಡಿಯ ಭಾಯಿ "ಹೋಲ್ಡಾನ್, ಚಾಚಾ!" ಎಂದರೆ ಕಾಲು ಅಲ್ಲೇ ನಿಲ್ಲುತ್ತಿತ್ತು, ಚಹಾ ಕುಡಿಯದೆ ಹೊರಡುತ್ತಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಕೋಲೂರಿಕೊಂಡು ಕುರುಗೋಡು ಬಸ್ಸಿನ ಬಾಗಿಲಿಗೆ ಬಂದೆ. ಮಗುವಿನ ಬಟ್ಟೆಯ ಚೀಲ ಹಿಡಿದು ಹೆಂಡತಿ ಮೊದಲು ಹತ್ತಿದಳು. ಸರಳು ಹಿಡಿಯಲೆಂದು ಕೋಲನ್ನು ಅವಳ ಕೈಗೆ ಕೊಟ್ಟೆ. ಕಾಲು ಮೊಂಡು ಹಿಡಿಯಿತು. ಅವಳು ಮೇಲಿನಿಂದ ಗಟ್ಟಿಯಾಗಿ, "ರೈಟ್ ರೈಟ್!" ಎಂದಳು.

ಡ್ರೈವರ್ ಬಸ್ಸು ಬಿಟ್ಟೇಬಿಟ್ಟ.

ಹೆಂಡತಿ, ಕೋಲು, ಚೀಲ ಎಲ್ಲ ಹೊರಟವು, ನಾನೊಬ್ಬ ಉಳಿದೆ. "ಅಯ್ಯಯ್ಯೋ, ನಮ್ಮನಿಯವ್ರು ಅಲ್ಲೇ ಅದಾರ್ರಿ!" ಎಂದು ಅವಳು ಬಾಯಿ ಬಡಿದುಕೊಂಡಳು. "ಹೋಲ್ಡಾನ್!" ಎಂದು ನಾನು ಕಿರುಚಿದೆ. ಬಸ್ಸು ಸ್ಟ್ಯಾಂಡಿನ ಗೇಟಿನ ಹತ್ತಿರ ಹೋಗಿ ನಿಂತಿತು. ಅಲ್ಲಿಯವರೆಗೆ ಕೋಲಿಲ್ಲದೆ ಹೋಗಬೇಕು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ? ಡ್ರೈವರನ ವಂಶವನ್ನೆಲ್ಲ ಬೈಯುತ್ತಾ, ಎಡಗಾಲನ್ನು ಎಳೆದುಕೊಂಡು ಹೋಗಿ ಮುಟ್ಟಿದೆ.

ಬಸ್ಸಿನಲ್ಲಿ ಯಾರೂ ಪಿಟ್ಟೆನ್ನಲಿಲ್ಲ. ಹೆಂಡತಿಯಂತೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಸರಳು ಹಿಡಿದು ಬಲಗಾಲನ್ನು ಮೆಟ್ಟಿಲ ಮೇಲಿಟ್ಟೆ. ಎಡಗಾಲಿಗೆ ಹೇಳುವವರು ಯಾರೂ ಇರಲಿಲ್ಲ. ತುಸು ಹೊತ್ತು ಕಾದು, ಅದು ತಾನಾಗಿಯೇ ಮೇಲೆ ಬಂತು.

ನಾನು ಸೀಟಿನಲ್ಲಿ ಕೂತ ಮೇಲೂ ಬಸ್ಸು ಹೊರಡಲಿಲ್ಲ. ನನ್ನ ಹಳೆಯ ನೌಕರಿಯನ್ನು ಹೆಂಡತಿ ನಾನು ಗೇಟು ಮುಟ್ಟುವಷ್ಟರಲ್ಲೇ ಇಡೀ ಬಸ್ಸಿಗೆ ಸಾರಿದ್ದಳು. ಕಂಡಕ್ಟರ್ ನನ್ನ ಕಡೆ ತಿರುಗಿ, "ಇವತ್ತು ನೀವ ಹೇಳ್ರಿ, ಹಿರೇರ" ಎಂದ.

ಹೆಂಡತಿಯ ಕೈ ಹಿಡಿದುಕೊಂಡು ಹೇಳಿದೆ, "ರೈಟ್."