ಗೋದಾವರಿಯ ಯಾವ ದಂಡೆ

ನಾನು ಇಂಟರ್ ಸೈನ್ಸ್ ಪಾಸಾದ ವರ್ಷವೇ ದೊಡ್ಡಪ್ಪನ ಹಲ್ಲುಗಳು ಪೂರ್ತಿ ಉದುರಿದವು. ಎರಡಕ್ಕೂ ಸಂಬಂಧವಿಲ್ಲ. ಆದರೆ ಹಲ್ಲಿನ ಸೆಟ್ ಮಾಡಿಸಿಕೊಳ್ಳಲು ಅವರು ಧಾರವಾಡದಿಂದ ಮುಂಬಯಿಗೆ ಬಂದು, ಮಲಾಡಿನ ನಮ್ಮ ಚಾಳಿನಲ್ಲಿ ಹೊರಗಿನ ಖೋಲಿ ಹಿಡಿದು ಕೂತಿದ್ದರಿಂದ, ನಾನು ಬಿ.ಎಸ್ಸಿ.ಗೆ ಸೇರಬೇಕೋ ಬೇಡವೋ ಎಂಬ ಪ್ರಶ್ನೆ ನೇರವಾಗಿ ಅವರ ಮುಂದೆ ಹೋಯಿತು. ನಮ್ಮ ಮನೆತನದಲ್ಲಿ ದೊಡ್ಡ ಪ್ರಶ್ನೆಗಳಿಗೆ ಬೇರೆ ದಾರಿ ಇರಲಿಲ್ಲ. ಅಪ್ಪ ಒಂದು ಆಫೀಸಿನಲ್ಲಿ ಗುಮಾಸ್ತರು. ಅಣ್ಣನ ಎದುರು ಅವರು ಬಾಯಿ ತೆರೆದದ್ದನ್ನು ನಾನು ಕಂಡಿದ್ದು ಊಟಕ್ಕೆ ಮಾತ್ರ.

ದೊಡ್ಡಪ್ಪ ದಿನವೂ ಪೂಜೆಗೆ ಮುಂಚೆ ಸಂಕಲ್ಪ ಹೇಳುತ್ತಿದ್ದರು. ತಾನು ಯಾವ ಕಾಲದಲ್ಲಿ, ಯಾವ ಜಾಗದಲ್ಲಿ ಕೂತಿದ್ದೇನೆ ಎಂದು ದೇವರಿಗೆ ತಿಳಿಸುವುದು ಅದು. ಬ್ರಹ್ಮನ ಸೃಷ್ಟಿಯಿಂದ ಶುರುವಾಗಿ, ಕಲ್ಪ, ಮನ್ವಂತರ, ಯುಗಗಳನ್ನು ದಾಟಿ, ಇವತ್ತಿನ ತಿಥಿಗೆ ಬಂದು ಇಳಿಯುತ್ತದೆ. ನಡುವೆ ವಿಳಾಸವೂ ಬರುತ್ತದೆ: ಗೋದಾವರ್ಯಾಃ ದಕ್ಷಿಣೇ ತೀರೇ. ಗೋದಾವರಿಯ ದಕ್ಷಿಣ ದಂಡೆಯಲ್ಲಿ, ಎಂದು.

ಒಂದು ಮುಂಜಾನೆ ಪೂಜೆ ಮುಗಿಸಿ, ಚಹಾ ಕುಡಿಯುತ್ತಾ ನನ್ನನ್ನು ಕರೆದರು.

"ತಂಗೀ, ಸೃಷ್ಟಿ ಆಗಿ ಕೋಟಿಗಟ್ಟಲೆ ವರ್ಷ ಆತು ಅಂತ ನಿಮ್ಮ ಪುಸ್ತಕದಾಗ ಬರದಾರಂತ. ನಾವು ಅದನ್ನ ದಿನಾ ಮುಂಜಾನೆ ಹೇಳತೀವಿ. ಹಂಗಾದ್ರ ನಮ್ಮದು ಸೈನ್ಸ್ ಹೌದೋ ಅಲ್ಲೋ?"

ಹಲ್ಲಿಲ್ಲದ ಬಾಯಿಂದ 'ಸೈನ್ಸ್' ಎಂಬುದು ಬರೀ ಗಾಳಿಯಾಗಿ ಬಂತು. ಆದರೆ ಪ್ರಶ್ನೆ ಗಟ್ಟಿಯಾಗಿಯೇ ಇತ್ತು. ನಾನು ಯೋಚಿಸುವ ಕಷ್ಟ ತೆಗೆದುಕೊಳ್ಳಬಾರದೆಂದು ಎರಡೂ ಉತ್ತರಗಳ ಫಲವನ್ನು ಅವರೇ ಬಿಡಿಸಿ ಹೇಳಿದರು.

"ಹೌದು ಅಂದ್ಯೋ, ಮನ್ಯಾಗ ಇದ್ದದ್ದನ್ನ ಕಲೀಲಿಕ್ಕೆ ಲೋಕಲ್ ಹತ್ತಿ ಅಷ್ಟು ದೂರ ಯಾಕ ಹೋಗಬೇಕು? ಅಲ್ಲ ಅಂದ್ಯೋ, ಇಂಟರ್‌ಕ್ಕೇ ಇಷ್ಟು ಕೆಟ್ಟಾಕಿ ಮುಂದ ಹೋದ್ರ ಹೆಂಗ? ವಿಚಾರ ಮಾಡು. ನಿಮ್ಮ ಅಜ್ಜನ ಶ್ರಾದ್ಧ ಮುಗೀಲಿ, ಆಮ್ಯಾಲೆ ಹೇಳೀಯಂತ."

ನನಗೆ ಮೈ ಉರಿಯಿತು. ಕಾಲೇಜಿನಲ್ಲಿ ಹೆಸರು ಹಚ್ಚಲು ಶ್ರಾದ್ಧದ ಮರುದಿನವೇ ಕಡೇ ದಿನ. ಅಪ್ಪನ ಮುಖ ನೋಡಿದೆ. ಅವರು ಛತ್ರಿ ತೆಗೆದುಕೊಂಡು ಸ್ಟೇಷನ್ನಿಗೆ ಹೊರಟರು. ಅಳು ಬಂತು, ಖೋಲಿಯ ಮೂಲೆಯ ಬಚ್ಚಲಮೋರಿಯಲ್ಲಿ ಪಾತ್ರೆ ತಿಕ್ಕುತ್ತಾ ಅತ್ತೆ. ಪಾತ್ರೆಗಳು ಆವತ್ತು ಬಹಳ ಸ್ವಚ್ಛವಾದವು.

ಅಜ್ಜನ ಶ್ರಾದ್ಧ ಪ್ರತಿವರ್ಷ ಧಾರವಾಡದಲ್ಲೇ ಆಗುತ್ತಿತ್ತು. ಈ ಸಲ ಹಲ್ಲಿನ ಸೆಟ್ ಸಿದ್ಧವಾಗುವ ಮೊದಲೇ ತಿಥಿ ಬಂದದ್ದರಿಂದ ನಮ್ಮ ಖೋಲಿಯಲ್ಲಿ ಮಾಡಬೇಕಾಯಿತು. ಭಟ್ಟರು ದಹಿಸರದಿಂದ ಬಂದರು. ಉಡುಪಿ ಕಡೆಯವರು, ಆ ರೈಲು ಲೈನಿನ ಕನ್ನಡದವರಿಗೆಲ್ಲ ಅವರೇ ಗತಿ. ಅವರು ಸಂಕಲ್ಪ ಹೇಳಿಕೊಡುತ್ತಾ ಹೋದರು, ದೊಡ್ಡಪ್ಪ ಅನ್ನುತ್ತಾ ಹೋದರು. ಸೃಷ್ಟಿ, ಕಲ್ಪ, ಮನ್ವಂತರ ಎಲ್ಲ ಸುಸೂತ್ರವಾಗಿ ಮುಗಿದವು. ವಿಳಾಸದ ಜಾಗ ಬಂದಾಗ ಭಟ್ಟರು, "ಪರಶುರಾಮಕ್ಷೇತ್ರೇ" ಅಂದರು. ದೊಡ್ಡಪ್ಪ ಹೇಳುವುದನ್ನು ಅಲ್ಲೇ ನಿಲ್ಲಿಸಿದರು.

"ಅದು ನಿಮ್ಮ ಊರಿಂದು ಭಟ್ರ. ನಾವು ಗೋದಾವರಿ ದಕ್ಷಿಣ ದಂಡಿಯವರು."

"ಊರು ನಿಮ್ಮದು ಹೌದು, ಕೂತದ್ದು ಎಲ್ಲಿ ಮಾರಾಯ್ರೆ? ಈ ಕರಾವಳಿ ಪೂರಾ ಪರಶುರಾಮ ಕೊಡಲಿ ಬಿಸಾಡಿ ಸಮುದ್ರದಿಂದ ತೆಗೆದದ್ದು. ಚರ್ಚ್‌ಗೇಟಿಗೆ ಹೋಗಿ ನೋಡಿ, ಸಮುದ್ರ ಹಿಂದೆ ಹೋಗಿಯೇ ನೆಲ ಆದದ್ದು."

"ಅಲ್ಲೆ ಸರಕಾರದವರು ಮಣ್ಣು ಹಾಕ್ಯಾರ."

"ಆಯ್ತು, ಆಗ ಕೊಡಲಿ, ಈಗ ಮಣ್ಣು. ನೆಲ ಆಯ್ತೋ ಇಲ್ವೋ?"

ದೊಡ್ಡಪ್ಪನಿಗೆ ಇದು ಒಪ್ಪಿಗೆಯಾಗಲಿಲ್ಲ. "ತಂಗೀ, ನಕಾಶೆ ತಾ" ಅಂದರು.

ನನ್ನ ಶಾಲೆಯ ಅಟ್ಲಾಸ್ ತಂದೆ. ದೊಡ್ಡಪ್ಪ ಮಡಿಯಲ್ಲಿದ್ದರು, ನನ್ನನ್ನಾಗಲಿ ಅಟ್ಲಾಸನ್ನಾಗಲಿ ಮುಟ್ಟುವ ಹಾಗಿಲ್ಲ. ಕಾಗದಕ್ಕೆ ಮೈಲಿಗೆಯಿಲ್ಲ, ಪಂಚಾಂಗವೂ ಕಾಗದವೇ ಅಲ್ಲವೋ ಎಂದರು ಭಟ್ಟರು. ರಟ್ಟಿಗೆ ಹಚ್ಚಿದ ಅಂಟು ಯಾವ ಪ್ರಾಣಿಯದೋ ಎಂದರು ದೊಡ್ಡಪ್ಪ. ಕಡೆಗೆ ನಾನು ಹೊಸ್ತಿಲಾಚೆ ಪುಸ್ತಕ ಬಿಚ್ಚಿ ಹಿಡಿದು ಕೂತೆ. ಅವರು ಮೇಲಿನಿಂದ ಒಂದು ದರ್ಭೆ ಬಿಟ್ಟರು. ಅವರು ಹೇಳಿದ ಹಾಗೆ ನಾನು ಅದನ್ನು ಗೋದಾವರಿಯ ಉದ್ದಕ್ಕೂ ಸರಿಸಿ ಇಟ್ಟೆ.

ಗೋದಾವರಿ ನಾಸಿಕದ ಹತ್ತಿರ, ಘಟ್ಟದ ಆಚೆ ಹುಟ್ಟಿ, ಹುಟ್ಟಿದ್ದೇ ಪೂರ್ವಕ್ಕೆ ಹೊರಟುಹೋಗುತ್ತದೆ. ಧಾರವಾಡ ದಕ್ಷಿಣಕ್ಕೆ ಸರಿಯಾಗಿಯೇ ಇತ್ತು. ಮುಂಬಯಿ ಮಾತ್ರ ನದಿಯ ಬೆನ್ನಿಗೆ, ಘಟ್ಟದ ಈಚೆ. ಅತ್ತಲ ದಂಡೆಯೂ ಅಲ್ಲ, ಇತ್ತಲ ದಂಡೆಯೂ ಅಲ್ಲ. ದೊಡ್ಡಪ್ಪ ದರ್ಭೆಯನ್ನು ಇನ್ನೊಮ್ಮೆ ಸರಿಯಾಗಿ ಇಡಲು ಹೇಳಿದರು. ಇಟ್ಟೆ. ನದಿ ಕದಲಲಿಲ್ಲ.

ಶ್ರಾದ್ಧ ಮುಗಿಯುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. "ದೊಡ್ಡಪ್ಪ, ಈಗ ನೀವು ಮಾಡಿದ್ರಲ್ಲ, ಅಳತಿ ಹಿಡದು ನೋಡಿದ್ದು, ಇದು ಸೈನ್ಸ್. ಇದರಾಗ ತಪ್ಪು ಕಂಡ್ರ ತಿದ್ದಬೇಕಾಗ್ತದ. ಸಂಕಲ್ಪ ತಿದ್ದತೀರೇನು?"

ತಿದ್ದಿದರೆ ಹಿರಿಯರ ಮಾತು ತಪ್ಪಾಗುತ್ತದೆ. ತಿದ್ದದಿದ್ದರೆ ಅದು ಸೈನ್ಸ್ ಅಲ್ಲ. ಅವರು ನನಗೆ ತೋಡಿದ್ದ ಹಳ್ಳ ಅವರ ಅಳತೆಗೂ ಸರಿಯಾಗಿಯೇ ಇತ್ತು. ಅವರ ಮುಖ ಕೆಂಪಾಯಿತು. ನನಗೆ ಖುಷಿಯೇನೂ ಆಗಲಿಲ್ಲ, ಹೆದರಿಕೆಯಾಯಿತು. ಕಾಲೇಜು ಹೋಯಿತೆಂದೇ ತಿಳಿದೆ. ಒಳಗಿನಿಂದ ಅವ್ವ, ಎಣ್ಣೆ ಕಾಯ್ದು ಕೂತದ, ವಡೆ ಬಿಡಲೋ ಬೇಡವೋ ಎಂದು ಕೇಳಿದಳು.

ಆಗ ಅಪ್ಪ ಮಾತಾಡಿದರು. "ಅಣ್ಣಾ, ಗೋದಾವರಿ ಅಂತನೇ ಹೇಳು."

"ನಕಾಶೆದಾಗ ನೋಡಿದ್ಯಲ್ಲೋ?"

"ನೋಡಿದೆ. ನಮ್ಮ ಅಪ್ಪ ನೋಡಿಲ್ಲಲಾ. ಆತ ಮುಂಬಯಿಗೆ ಒಮ್ಮೆನೂ ಬಂದಾಂವಲ್ಲ. ಮಲಾಡ ಅಂದ್ರ ಆತಗ ಎಲ್ಲಿ ತಿಳೀಬೇಕು? ಆತ ಜನ್ಮ ಪೂರಾ ಹೇಳಿದ್ದು ಗೋದಾವರಿ ದಕ್ಷಿಣ ದಂಡಿ. ಅಲ್ಲೇ ಹುಡುಕ್ತಾನ."

ದೊಡ್ಡಪ್ಪ ಬೆರಳಿನ ದರ್ಭೆಯುಂಗುರ, ಪವಿತ್ರವನ್ನು ತಿರುವಿದರು. "ಹಂಗಾದ್ರ ಇದು ಸೈನ್ಸ್ ಅಲ್ಲ ಅಂತೀ?"

"ಅಲ್ಲ. ಇದು ಅಪ್ಪನ್ನ ಕರಿಯೋದು. ಸೈನ್ಸ್ ಬ್ಯಾರೆ. ಅದು ಮನ್ಯಾಗಿಲ್ಲ. ಅದಕ್ಕ ಆಕಿ ಕಾಲೇಜಿಗೆ ಹೋಗ್ತಾಳ."

ಅಪ್ಪ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಭಟ್ಟರು ಗಡಿಯಾರ ನೋಡಿ, ಮೊದಲಿಂದ ಹೇಳಬೇಕಾಗುತ್ತದೆ ಎಂದರು. ಮತ್ತೆ ಬ್ರಹ್ಮನಿಂದ ಶುರುವಾಯಿತು. ದಂಡೆಯ ಮಾತು ಬಂದಾಗ ದೊಡ್ಡಪ್ಪ ಅಷ್ಟನ್ನು ಮಾತ್ರ ದೊಡ್ಡ ದನಿಯಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಹೇಳಿದರು. ಮರುದಿನ ಅಪ್ಪ ಆಫೀಸಿಗೆ ರಜೆ ಹಾಕಿ ನನ್ನ ಜೊತೆ ಕಾಲೇಜಿಗೆ ಬಂದರು.

ನಾನು ಆಮೇಲೆ ನಿವೃತ್ತಿಯಾಗುವವರೆಗೂ ಶಾಲೆಯಲ್ಲಿ ವಿಜ್ಞಾನ ಕಲಿಸಿದೆ. ಭೂಮಿ ಹೇಗಾಯಿತು ಎಂದು ಮಕ್ಕಳಿಗೆ ಪುಸ್ತಕದಲ್ಲಿದ್ದ ಹಾಗೆ ಹೇಳಿದೆ. ಪುಸ್ತಕ ಬದಲಾದಾಗ ನಾನೂ ಬದಲಾದೆ. ಅಪ್ಪ ತೀರಿಕೊಂಡದ್ದು ಮಲಾಡಿನಲ್ಲೇ. ಅವರ ಮೊದಲ ವರ್ಷದ ಶ್ರಾದ್ಧಕ್ಕೆ ಬಂದ ಹೊಸ ಭಟ್ಟರು ನನ್ನ ತಮ್ಮನನ್ನು, ಜಾಗ ಏನೆಂದು ಹೇಳಲಿ ಎಂದು ಕೇಳಿದರು. ತಮ್ಮ ನನ್ನ ಕಡೆ ನೋಡಿದ. ಅಪ್ಪನಿಗೆ ಮಲಾಡ್ ಚೆನ್ನಾಗಿ ಗೊತ್ತಿತ್ತು. ಲೋಕಲ್ ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂಬುದೂ ಗೊತ್ತಿತ್ತು. ಆದರೆ ಅವರು ಈಗ ಅವರಪ್ಪನ ಜೊತೆ ಇರುತ್ತಾರೆ.

"ಗೋದಾವರಿ ದಕ್ಷಿಣ ದಂಡಿ ಅಂತ ಹೇಳ್ರಿ" ಅಂದೆ.